ಕನ್ನಡಿ ಹಿಡಿದವರು

ಅಂಟಾರ್ಕ್ಟಿಕಾದ ಹಿಮದ ಹರವಿನಲ್ಲಿ ಕಂದು ಬಂಡೆಗಳ ಒಂದು ಸಣ್ಣ ಪಟ್ಟಿ ಇದೆ. ಹೆಸರು ಶಿರ್ಮಾಕರ್ ಓಯಸಿಸ್. ಉದ್ದ ಸುಮಾರು 25 ಕಿಲೋಮೀಟರ್, ಅಗಲ ಹೆಚ್ಚೆಂದರೆ ಮೂರು. ದಕ್ಷಿಣಕ್ಕೆ ಖಂಡದ ಹಿಮ ಗೋಡೆಯಂತೆ ಎದ್ದು ನಿಂತಿದೆ. ಉತ್ತರಕ್ಕೆ ಸಮುದ್ರದ ಮೇಲೆ ಚಾಚಿಕೊಂಡ ಹಿಮದ ಚಪ್ಪಡಿ. ನಡುವೆ ಗಾಳಿ ಗುಡಿಸಿ ಬೋಳಾಗಿಸಿದ ಗುಡ್ಡಗಳು, ಅವುಗಳ ಸಂದಿಯಲ್ಲಿ ನೂರಕ್ಕೂ ಹೆಚ್ಚು ಕೊಳಗಳು. ಹಸಿರು ಅನ್ನಬಹುದಾದದ್ದು ಬಂಡೆಗೆ ಕಚ್ಚಿಕೊಂಡ ಪಾಚಿ ಮತ್ತು ಕಲ್ಲುಹೂವು ಮಾತ್ರ. ಮೇ ಮೂರನೇ ವಾರ ಮುಳುಗಿದ ಸೂರ್ಯ ಜುಲೈ ಕೊನೆಯ ವಾರದವರೆಗೆ ಮುಖ ತೋರಿಸುವುದಿಲ್ಲ.

ಈ ಪಟ್ಟಿಯಲ್ಲೇ, ಪ್ರಿಯದರ್ಶಿನಿ ಎಂಬ ಕೊಳದ ದಂಡೆಯ ಮೇಲೆ, 1989ರಿಂದ ಭಾರತದ ಮೈತ್ರಿ ನೆಲೆ ಇದೆ. ಅಲ್ಲಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ರಷ್ಯನ್ನರ ನೊವೊಲಾಜರೆವ್‌ಸ್ಕಾಯಾ. ಅದು ಇನ್ನೂ ಹಳೆಯದು. 1961ರ ಜನವರಿಯಲ್ಲಿ ಶುರುವಾದದ್ದು. ಆ ವರ್ಷ ಚಳಿಗಾಲ ಕಳೆಯಲು ಅಲ್ಲಿ ಉಳಿದವರು ಬೆರಳೆಣಿಕೆಯ ಜನ: ಹವಾಮಾನ ತಜ್ಞ, ಮೆಕ್ಯಾನಿಕ್, ಡ್ರೈವರ್ ಮುಂತಾದವರು. ಅವರಲ್ಲಿ ಡಾಕ್ಟರು ಒಬ್ಬರೇ. ಲೆನಿನ್‌ಗ್ರಾದಿನಿಂದ ಬಂದ ಇಪ್ಪತ್ತೇಳು ವರ್ಷದ ಸರ್ಜನ್, ಲಿಯೊನಿಡ್ ರೊಗೊಜೊವ್.

ಏಪ್ರಿಲ್ 29ರ ಬೆಳಿಗ್ಗೆ ಅವರಿಗೆ ಮೈ ಸರಿಯಿಲ್ಲ ಅನಿಸಿತು. ಸುಸ್ತು, ವಾಕರಿಕೆ, ಸಣ್ಣಗೆ ಜ್ವರ. ಸ್ವಲ್ಪ ಹೊತ್ತಿಗೆ ನೋವು ಹೊಟ್ಟೆಯ ಬಲಭಾಗದ ಕೆಳಗೆ ಇಳಿದು ಅಲ್ಲೇ ಬೀಡುಬಿಟ್ಟಿತು. ಸರ್ಜನ್‌ಗೆ ಇದೇನೆಂದು ಬೇರೆಯವರು ಹೇಳಬೇಕಿರಲಿಲ್ಲ. ಅಪೆಂಡಿಕ್ಸ್ ಊದಿಕೊಂಡಿದೆ, ಒಡೆದರೆ ಸಾವು. ಕರೆತಂದ ಹಡಗು ಎಂದೋ ಹಿಂದಿರುಗಿತ್ತು. ಸೋವಿಯತ್ ಒಕ್ಕೂಟದ ಇನ್ನೊಂದು ನೆಲೆ ಮಿರ್ನಿ ಇದ್ದದ್ದು ಹೆಚ್ಚುಕಡಿಮೆ ಕಾಶ್ಮೀರದಿಂದ ಕನ್ಯಾಕುಮಾರಿಗಿರುವಷ್ಟು ದೂರದಲ್ಲಿ. ಹೊರಗೆ ಹಿಮಗಾಳಿ ಬೀಸುತ್ತಿತ್ತು, ವಿಮಾನದ ಮಾತೇ ಇರಲಿಲ್ಲ. ಒಂದು ದಿನ ಔಷಧಿ, ಉಪವಾಸ, ವಿಶ್ರಾಂತಿ ಎಲ್ಲ ಮಾಡಿ ನೋಡಿದರು. 30ರ ಸಂಜೆಗೆ ನೋವು ಇನ್ನೂ ಏರಿತು. ತಮ್ಮ ಹೊಟ್ಟೆಯನ್ನು ತಾವೇ ಕೊಯ್ದುಕೊಳ್ಳುವುದೆಂದು ತೀರ್ಮಾನಿಸಿದರು.

ಈ ಕಥೆಯ ಮುಂದಿನ ಭಾಗ ಜಗತ್ತಿಗೆಲ್ಲ ಗೊತ್ತು. ಆ ರಾತ್ರಿ ತೆಗೆದ ಫೋಟೋಗಳೂ ಪ್ರಸಿದ್ಧ. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಕೊಯ್ಯುವುದಕ್ಕೆ ಮೊದಲಿನ ಹೊತ್ತಿನ ಕಡೆಗೆ. ಆ ಹೊತ್ತಿನಲ್ಲಿ ರೊಗೊಜೊವ್ ರೋಗಿಯೂ ಹೌದು, ಸರ್ಜನ್ನೂ ಹೌದು, ಎಲ್ಲಕ್ಕಿಂತ ಹೆಚ್ಚಾಗಿ ಮೇಷ್ಟರು.

ಅವರ ಕೋಣೆಯಿಂದ ಸಾಮಾನೆಲ್ಲ ಹೊರಗೆ ಹೋಯಿತು. ಉಳಿದದ್ದು ಮಂಚ, ಎರಡು ಮೇಜು, ಒಂದು ಟೇಬಲ್ ಲ್ಯಾಂಪು. ಅತಿನೇರಳೆ ದೀಪ ಹಚ್ಚಿಟ್ಟು ಕೋಣೆಯನ್ನು ಶುದ್ಧ ಮಾಡಿದರು. ಬಟ್ಟೆ, ಹತ್ಯಾರಗಳು ಸ್ಟೆರಿಲೈಸ್ ಆದವು. ನೆರವಿಗೆಂದು ರೊಗೊಜೊವ್ ಆರಿಸಿಕೊಂಡವರು ಮೂವರು. ಹವಾಮಾನ ತಜ್ಞ ಅಲೆಕ್ಸಾಂಡರ್ ಆರ್ತೆಮಿಯೆವ್ ಹತ್ಯಾರ ಕೊಡಬೇಕು, ಗಾಯದ ಅಂಚನ್ನು ಕೊಕ್ಕೆಯಿಂದ ಎಳೆದು ಹಿಡಿಯಬೇಕು. ಡ್ರೈವರ್ ಜಿನೊವಿ ತೆಪ್ಲಿನ್ಸ್ಕಿ ಕನ್ನಡಿ ಹಿಡಿಯಬೇಕು, ದೀಪ ತಿರುಗಿಸಬೇಕು. ನೆಲೆಯ ಮುಖ್ಯಸ್ಥ ವ್ಲಾದಿಸ್ಲಾವ್ ಗೆರ್ಬೊವಿಚ್ ಸುಮ್ಮನೆ ನಿಂತಿರಬೇಕು. ರಕ್ತ ಕಂಡು ಇಬ್ಬರಲ್ಲಿ ಒಬ್ಬರು ತಲೆಸುತ್ತಿ ಬಿದ್ದರೆ ಆ ಜಾಗಕ್ಕೆ ಅವರು ಬರಬೇಕು. ಒಬ್ಬ ಬೀಳಬಹುದು ಎಂದು ಮೊದಲೇ ಎಣಿಸಿ ಇನ್ನೊಬ್ಬನನ್ನು ನಿಲ್ಲಿಸಿದ್ದರಲ್ಲ, ತುರ್ತು ಚಿಕಿತ್ಸೆಯ ಪಾಠದ ಅರ್ಧ ಅಲ್ಲೇ ಇದೆ.

ಪಾಠ ಅಲ್ಲಿಗೆ ಮುಗಿಯಲಿಲ್ಲ. ತಾನೇ ಪ್ರಜ್ಞೆ ತಪ್ಪಿದರೆ? ಸಿರಿಂಜುಗಳಿಗೆ ಮೊದಲೇ ಔಷಧಿ ತುಂಬಿಟ್ಟು, ಯಾವುದನ್ನು ಹೇಗೆ ಚುಚ್ಚಬೇಕೆಂದು ತೋರಿಸಿದರು. ಉಸಿರು ನಿಂತರೆ ಕೃತಕವಾಗಿ ಉಸಿರು ಕೊಡುವುದು ಹೇಗೆಂದು ಹೇಳಿಕೊಟ್ಟರು. ಆಮೇಲೆ ಅವರ ಕೈಗಳನ್ನು ಶುದ್ಧ ಮಾಡಿಸಿ ತಾವೇ ಗ್ಲೌಸು ತೊಡಿಸಿದರು. ಜ್ವರದಿಂದ ಬೇಯುತ್ತಿರುವ, ಹೊಟ್ಟೆ ಹಿಡಿದುಕೊಂಡು ಬಾಗಿರುವ ಡಾಕ್ಟರು, ಯಂತ್ರದ ಎಣ್ಣೆ ಮೆತ್ತಿ ರೂಢಿಯಾದ ಬೆರಳುಗಳಿಗೆ ಒಂದೊಂದಾಗಿ ಗ್ಲೌಸು ಎಳೆಯುತ್ತಿರುವ ದೃಶ್ಯವನ್ನು ಕಲ್ಪಿಸಿಕೊಳ್ಳಿ.

ಮೇ 1ರ ನಸುಕು, ಸುಮಾರು ಎರಡು ಗಂಟೆ. ರೊಗೊಜೊವ್ ಅರ್ಧ ಒರಗಿ, ಕೊಂಚ ಎಡಕ್ಕೆ ವಾಲಿ ಮಲಗಿದರು. ನೊವೊಕೇನ್ ಚುಚ್ಚಿಕೊಂಡು ಆ ಜಾಗವನ್ನಷ್ಟೇ ಮರಗಟ್ಟಿಸಿಕೊಂಡರು. ಪೂರ್ತಿ ಅರಿವಳಿಕೆ ತೆಗೆದುಕೊಂಡರೆ ಕೊಯ್ಯುವವರು ಯಾರು? ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದಕ್ಕೆ ಸೀಳಿದರು. ಕನ್ನಡಿ ಅಂದುಕೊಂಡಷ್ಟು ನೆರವಾಗಲಿಲ್ಲ. ಅದರಲ್ಲಿ ಎಲ್ಲವೂ ತಿರುವುಮುರುವಾಗಿ ಕಾಣುತ್ತಿತ್ತು. ಹಾಗಾಗಿ ಬಹುಪಾಲು ಸ್ಪರ್ಶದಿಂದಲೇ ಕೆಲಸ ಮಾಡಿದರು. ಬೆರಳಿಗೆ ತಿಳಿಯಲೆಂದು ತಾವು ಮಾತ್ರ ಗ್ಲೌಸು ಹಾಕಿಕೊಂಡಿರಲಿಲ್ಲ. ಒಳಪದರ ತೆರೆಯುವಾಗ ಕರುಳಿನ ಭಾಗವೊಂದಕ್ಕೆ ಗಾಯವಾಯಿತು. ಅದನ್ನೂ ಹೊಲಿದರು. ಅರ್ಧ ಗಂಟೆ ದಾಟುತ್ತಿದ್ದಂತೆ ತಲೆ ಸುತ್ತತೊಡಗಿತು. ನಾಲ್ಕೈದು ನಿಮಿಷಕ್ಕೊಮ್ಮೆ ಇಪ್ಪತ್ತು ಇಪ್ಪತ್ತೈದು ಸೆಕೆಂಡು ಸುಮ್ಮನಿದ್ದು ಮತ್ತೆ ಕೈ ಹಾಕುತ್ತಿದ್ದರು. ಕೊನೆಗೆ ಸಿಕ್ಕ ಅಪೆಂಡಿಕ್ಸ್‌ನ ಬುಡದಲ್ಲಿ ಕಪ್ಪು ಕಲೆಯಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಒಡೆಯುತ್ತಿತ್ತು. ಶುರುಮಾಡಿ ಒಂದು ಗಂಟೆ ನಲವತ್ತೈದು ನಿಮಿಷಕ್ಕೆ ಕೊನೆಯ ಹೊಲಿಗೆ ಬಿತ್ತು. ಅದಾದ ಮೇಲೂ ಅವರು ಮಲಗಲಿಲ್ಲ. ಹತ್ಯಾರ ತೊಳೆಯುವುದು, ಕೋಣೆ ಶುಚಿ ಮಾಡುವುದು ಹೇಗೆಂದು ನೆರವಿನವರಿಗೆ ಹೇಳಿ, ಅದೆಲ್ಲ ಮುಗಿದ ಮೇಲೆ ನಿದ್ದೆ ಮಾತ್ರೆ ನುಂಗಿದರು.

ನೆರವಿನವರಿಗೆ ಆ ಹೊತ್ತೆಲ್ಲ ಹೊಟ್ಟೆ ತೊಳಸುತ್ತಿತ್ತು, ಕಣ್ಣು ಕತ್ತಲಿಡುತ್ತಿತ್ತು. ಆದರೂ ಯಾರೂ ಬೀಳಲಿಲ್ಲ. ಹದಿನೈದು ದಿನಕ್ಕೆ ರೊಗೊಜೊವ್ ಕೆಲಸಕ್ಕೆ ಮರಳಿದರು. ಅಂದು ಬಳಸಿದ ಹತ್ಯಾರಗಳು ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಧ್ರುವಪ್ರದೇಶಗಳ ಮ್ಯೂಸಿಯಮ್ಮಿನಲ್ಲಿವೆ. ರೊಗೊಜೊವ್ ಅವರ ಎದೆಗಾರಿಕೆಗೆ ಕೈಮುಗಿಯದೆ ಇರಲಾಗದು. ಆದರೆ ಆ ರಾತ್ರಿ ಕೊಕ್ಕೆ ಎಳೆದು ಹಿಡಿದ ಕೈ ಸಡಿಲವಾಗಿದ್ದರೆ, ದೀಪ ಅಲುಗಿದ್ದರೆ, ಅಷ್ಟೂ ಎದೆಗಾರಿಕೆ ವ್ಯರ್ಥವಾಗುತ್ತಿತ್ತು. ದೂರದ ಜಾಗಗಳಲ್ಲಿ ಜೀವ ಉಳಿಯುವುದು ಡಾಕ್ಟರಲ್ಲದವರ ಕೈಯಿಂದ. ಆ ಕೈಗಳಿಗೆ ಮುಂಚೆಯೇ ಕಲಿಸಬೇಕು. ಆ ಮೂವರಿಗೆ ಸಿಕ್ಕಿದ್ದು ಒಂದು ಸಂಜೆಯ ಪಾಠ ಮಾತ್ರ.

ಆ ಪಾಠಕ್ಕೆ ಬೇಕಾದಷ್ಟು ಸಮಯ ಕೊಟ್ಟು ಮಾಡಿಸುವ ಒಂದು ಊರಿದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್. ಆಸ್ಟ್ರೇಲಿಯಾದ ಅಂಟಾರ್ಕ್ಟಿಕ್ ನೆಲೆಗಳಾದ ಕೇಸಿ, ಡೇವಿಸ್, ಮಾಸನ್‌ಗಳಲ್ಲಿ ಚಳಿಗಾಲಕ್ಕೆ ಉಳಿಯುವ ಡಾಕ್ಟರು ಒಬ್ಬರೇ. ಹೊರಡುವ ಮೊದಲು ಆ ಡಾಕ್ಟರು ತಮ್ಮ ಅಪೆಂಡಿಕ್ಸ್ ತೆಗೆಸಿಕೊಂಡಿರಬೇಕೆಂಬ ನಿಯಮವಿದೆ. ಹಲ್ಲು ನೋಡುವುದು, ಎಕ್ಸ್‌ರೇ ತೆಗೆಯುವುದು, ರಕ್ತ ಪರೀಕ್ಷೆ ಮಾಡುವುದು ಎಲ್ಲವನ್ನೂ ಅವರೇ ಕಲಿತು ಹೋಗಬೇಕು. ಅವರ ಜೊತೆ ಆಪರೇಷನ್ ಥಿಯೇಟರಿನಲ್ಲಿ ನಿಲ್ಲಲು ಅದೇ ತಂಡದ ಅಡುಗೆಯವರು, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಮುಂತಾದವರಿಂದ ಕೆಲವರನ್ನು ಆರಿಸುತ್ತಾರೆ. ಅವರಿಗೆ ರಾಯಲ್ ಹೋಬಾರ್ಟ್ ಆಸ್ಪತ್ರೆಯಲ್ಲಿ ಎರಡು ವಾರ ತರಬೇತಿ.

ಥಿಯೇಟರಿನ ಕೆಲಸ ಕಲಿಯುವವರಿಗೆ ಮೊದಲ ಪಾಠ ಕೈ ತೊಳೆಯುವುದು. ನಿಮಿಷಗಟ್ಟಲೆ ಉಗುರಿನ ಸಂದಿಯಿಂದ ಮೊಣಕೈವರೆಗೆ ಉಜ್ಜಬೇಕು. ತೊಳೆದಾದ ಮೇಲೆ ಕೈಗಳನ್ನು ಎದೆಯ ಮುಂದೆ ಮೇಲೆತ್ತಿ ಹಿಡಿಯಬೇಕು. ನೀರು ಬೆರಳ ತುದಿಯಿಂದ ಮೊಣಕೈ ಕಡೆಗೇ ಇಳಿಯಬೇಕು, ಹಿಂದಕ್ಕೆ ಹರಿಯಬಾರದು. ಅಲ್ಲಿಂದ ಮುಂದೆ ಮೂಗು ತುರಿಸಿದರೂ ಮುಟ್ಟುವಂತಿಲ್ಲ, ಕನ್ನಡಕ ಜಾರಿದರೂ ಏರಿಸುವಂತಿಲ್ಲ. ದಿನವಿಡೀ ಕೈಗೆ ಸಿಕ್ಕಿದ್ದನ್ನು ಹಿಡಿದು ಕೆಲಸ ಮಾಡಿದವರಿಗೆ ಇದು ಎಲ್ಲಕ್ಕಿಂತ ಕಷ್ಟದ ಪಾಠ. ಕೈಗೆ ಇದು ಅಭ್ಯಾಸವಾಗಬೇಕು, ತಲೆಗೆ ಗೊತ್ತಿದ್ದರೆ ಸಾಲದು.

ಇನ್ನೊಂದು ಪಾಠ ಎಣಿಕೆ. ಕೊಯ್ಯುವ ಮುಂಚೆ ಮೇಜಿನ ಮೇಲಿನ ಗಾಜ್ ಬಟ್ಟೆಯ ತುಂಡುಗಳನ್ನು, ಸೂಜಿಗಳನ್ನು, ಇಕ್ಕಳಗಳನ್ನು ಬಾಯಿಬಿಟ್ಟು ಎಣಿಸಬೇಕು. ಹೊಲಿಯುವ ಮುಂಚೆ ಮತ್ತೆ ಎಣಿಸಬೇಕು. ಒಂದು ತುಂಡು ಕಡಿಮೆಯಾದರೂ ಹೊಲಿಗೆ ನಿಲ್ಲಿಸಿ ಎಂದು ಸರ್ಜನ್‌ಗೆ ಹೇಳುವ ಅಧಿಕಾರ ಎಣಿಸುವವರಿಗಿದೆ. ತೊಯ್ದು ಮುದ್ದೆಯಾದ ಒಂದು ತುಂಡು ಹೊಟ್ಟೆಯೊಳಗೇ ಉಳಿದರೆ ಎಷ್ಟು ಅನಾಹುತ ಎಂಬುದು ಗೊತ್ತಿದ್ದವರು ಈ ಎಣಿಕೆಯನ್ನು ಎಂದೂ ಹಗುರವಾಗಿ ನೋಡುವುದಿಲ್ಲ. ಅರಿವಳಿಕೆಯ ಕಡೆಗೆ ಹೋದವರದು ಬೇರೆಯೇ ಕಲಿಕೆ. ಉಸಿರಿನ ಏರಿಳಿತ, ನಾಡಿ, ರಕ್ತದೊತ್ತಡ ನೋಡುತ್ತಾ ಬರೆಯುತ್ತಾ ಹೋಗಬೇಕು, ಸರಿಯಿಲ್ಲ ಅನಿಸಿದ ಕ್ಷಣ ಬಾಯಿಬಿಟ್ಟು ಹೇಳಬೇಕು. ಹಿಮದ ನೆಲೆಗಳಲ್ಲಿ ಬ್ಲಡ್ ಬ್ಯಾಂಕೂ ಇಲ್ಲ. ತಂಡದವರ ರಕ್ತದ ಗುಂಪುಗಳನ್ನು ಮೊದಲೇ ಗುರುತು ಹಾಕಿಟ್ಟಿರುತ್ತಾರೆ. ಊಟದ ಮೇಜಿಗೆ ಎದುರು ಕೂತವರೇ ಬೇಕಾದಾಗ ತೋಳು ಚಾಚಬೇಕು.

ಇಷ್ಟೆಲ್ಲ ಕಲಿತು ಹೋಗಿ ಒಂದು ಚಳಿಗಾಲವಿಡೀ ಅದರ ಅಗತ್ಯವೇ ಬಾರದೆ ಇರಬಹುದು. ಅದಕ್ಕಿಂತ ಒಳ್ಳೆಯದು ಇನ್ನೇನಿದೆ?

ಅಗತ್ಯ ಬಂದಾಗ ಏನಾಗುತ್ತದೆ ಎಂಬುದು 1999ರಲ್ಲಿ ದಕ್ಷಿಣ ಧ್ರುವದಲ್ಲೇ ಕಂಡಿತು. ಅಮೆರಿಕದ ಅಮಂಡ್ಸೆನ್-ಸ್ಕಾಟ್ ನೆಲೆಗೆ ಫೆಬ್ರುವರಿಯಿಂದ ಅಕ್ಟೋಬರ್‌ವರೆಗೆ ಸಾಮಾನ್ಯವಾಗಿ ವಿಮಾನ ಬರುವುದಿಲ್ಲ. ಆ ಚಳಿಗೆ ವಿಮಾನದ ಇಂಧನವೇ ಗಟ್ಟಿಯಾಗುತ್ತದೆ. ಅಲ್ಲಿದ್ದ ಒಬ್ಬರೇ ಡಾಕ್ಟರು ಜೆರ್ರಿ ನೀಲ್ಸನ್. ವಿಮಾನಗಳ ಓಡಾಟ ನಿಂತಾದ ಮೇಲೆ ಮಾರ್ಚ್‌ನಲ್ಲಿ ಅವರ ಸ್ತನದಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಪರೀಕ್ಷೆಗೆ ಸೂಜಿ ಚುಚ್ಚಿ ಅದರಿಂದ ಮಾದರಿ ತೆಗೆಯಬೇಕು. ಜೊತೆಗಾರರಲ್ಲಿ ವೆಲ್ಡರ್ ಒಬ್ಬರಿದ್ದರು. ಬೆಸುಗೆ ಹಾಕಿ ಪಳಗಿದ ಕೈ ನಡುಗುವುದಿಲ್ಲ. ನೆರವಿನವರು ಮೊದಲು ತರಕಾರಿಗೆ, ಕೋಳಿಮಾಂಸಕ್ಕೆ ಸೂಜಿ ಚುಚ್ಚಿ ರೂಢಿ ಮಾಡಿಕೊಂಡರು. ಆಮೇಲೆ ನೀಲ್ಸನ್ ಎದುರು ಕೂತರು. ತೆಗೆದ ಮಾದರಿಯ ಚಿತ್ರಗಳು ಉಪಗ್ರಹದ ಮೂಲಕ ಅಮೆರಿಕಕ್ಕೆ ಹೋದವು. ಜುಲೈನಲ್ಲಿ, ನಟ್ಟಿರುಳಿನಂಥ ಕತ್ತಲಲ್ಲಿ, ಅಮೆರಿಕದ ವಾಯುಪಡೆಯ ವಿಮಾನವೊಂದು ಇಳಿಯದೆಯೇ ಮೇಲಿನಿಂದ ಪರೀಕ್ಷಾ ಸಾಮಗ್ರಿ, ಔಷಧಿಗಳನ್ನು ಪ್ಯಾರಾಚೂಟ್ ಕಟ್ಟಿ ಬೀಳಿಸಿ ಹೋಯಿತು. ಕ್ಯಾನ್ಸರ್ ಎಂಬುದು ಖಚಿತವಾಯಿತು. ದೂರದ ತಜ್ಞರು ಹೇಳಿಕೊಟ್ಟಂತೆ ಕೀಮೊಥೆರಪಿಯ ಡ್ರಿಪ್ ಹಾಕಿದವರೂ ಆ ಜೊತೆಗಾರರೇ. ಅಕ್ಟೋಬರ್ ಮಧ್ಯದಲ್ಲಿ, ಮಾಮೂಲಿಗಿಂತ ಮೊದಲೇ, ಚಳಿ ಲೆಕ್ಕಿಸದೆ ಇಳಿದ ವಿಮಾನ ಅವರನ್ನು ಹೊತ್ತೊಯ್ದಿತು. ಅದಾದ ಮೇಲೆ ಹತ್ತು ವರ್ಷ ಹತ್ತಿರ ಅವರು ಬದುಕಿದರು. 2009ರಲ್ಲಿ ತೀರಿಕೊಂಡರು.

ನಮ್ಮ ದೇಶದಿಂದ 1981ರಲ್ಲಿ ಮೊದಲ ತಂಡ ಅಂಟಾರ್ಕ್ಟಿಕಾಕ್ಕೆ ಹೊರಟಿತು. ಈಗ ಹೋಗುವವರು ದೆಹಲಿಯ ಏಮ್ಸ್‌ನಲ್ಲಿ ವೈದ್ಯಕೀಯ ಪರೀಕ್ಷೆಗೆ ಒಳಗಾಗಿ, ಉತ್ತರಾಖಂಡದ ಔಲಿಯಲ್ಲಿರುವ ಇಂಡೋ-ಟಿಬೆಟನ್ ಗಡಿ ಪೊಲೀಸರ ಪರ್ವತಾರೋಹಣ ಶಾಲೆಯಲ್ಲಿ ಹಿಮದ ಮೇಲೆ ನಡೆಯುವುದನ್ನು, ಹಗ್ಗ ಕಟ್ಟುವುದನ್ನು, ಬದುಕಿ ಉಳಿಯುವುದನ್ನು ಕಲಿಯುತ್ತಾರೆ. ಜೋಶಿಮಠದ ಮೇಲಿನ ಆ ಇಳಿಜಾರಿನಲ್ಲಿ ನಿಂತರೆ ನಂದಾದೇವಿ ಎದುರಿಗೇ ಇದೆ. ಇಂಥ ತರಬೇತಿಗೆ ಹಿಮದ ಇಳಿಜಾರೇ ಬೇಕು. ಬಯಲುಸೀಮೆಯ ಸಭಾಂಗಣದಲ್ಲಿ ಕಲಿತದ್ದು ಹಿಮದ ಮೇಲೆ ಅರ್ಧ ಮರೆತುಹೋಗುತ್ತದೆ.

ಎದೆ ಒತ್ತುವುದನ್ನೇ ತೆಗೆದುಕೊಳ್ಳಿ. ಮೂವತ್ತು ಸಲ ಒತ್ತಿ ಎರಡು ಸಲ ಉಸಿರು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ವೇಗ, ಪ್ರತಿ ಸಲವೂ ಎದೆ ಐದು ಸೆಂಟಿಮೀಟರ್ ಕೆಳಗಿಳಿಯಬೇಕು. ಸಿಮೆಂಟ್ ನೆಲದ ಮೇಲೆ ಬೊಂಬೆ ಇಟ್ಟು ಯಾರು ಬೇಕಾದರೂ ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಅದೇ ಬೊಂಬೆಯನ್ನು ಮೆತ್ತನೆ ಹಿಮದ ಮೇಲೆ ಇಟ್ಟರೆ, ಒತ್ತಿದಷ್ಟೂ ಬೊಂಬೆಯೇ ಹಿಮದೊಳಗೆ ಇಳಿಯುತ್ತದೆ, ಎದೆ ಇಳಿಯುವುದಿಲ್ಲ. ಕೆಳಗೆ ಹಲಗೆ ತಳ್ಳಬೇಕು, ಇಲ್ಲವೇ ಹಿಮವನ್ನು ಮೊದಲು ತುಳಿದು ಗಟ್ಟಿ ಮಾಡಬೇಕು. ಮೂರು ಪದರದ ಜಾಕೆಟ್ಟಿನೊಳಗೆ ಒತ್ತುವವನಿಗೆ ಬೆವರು ಕಿತ್ತುಕೊಳ್ಳುತ್ತದೆ, ಕೈಬಿಟ್ಟ ಕೂಡಲೇ ಆ ಬೆವರೇ ಚಳಿಯಾಗಿ ಕಾಡುತ್ತದೆ. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗಲೇಬೇಕು. ಹಾಗಾಗಿ ತಂಡದ ಎಲ್ಲರಿಗೂ ಇದು ಬರಬೇಕು.

ಚಳಿಯಲ್ಲಿ ಸಾವು ಕೂಡ ಬೇರೆ ಥರ ಕಾಣುತ್ತದೆ. ಮೈ ತಣ್ಣಗಾದವರ ನಾಡಿ ಎಷ್ಟು ನಿಧಾನ, ಎಷ್ಟು ಸಣ್ಣ ಎಂದರೆ ಬೇರೆಡೆ ಹತ್ತು ಸೆಕೆಂಡು ನೋಡುವವರು ಇಲ್ಲಿ ಒಂದು ನಿಮಿಷದವರೆಗೂ ಬೆರಳಿಟ್ಟು ಕಾಯಬೇಕು. ಎತ್ತುವಾಗ, ಸ್ಲೆಡ್ಜ್ ಮೇಲೆ ಮಲಗಿಸುವಾಗ ಒರಟಾಗಿ ಅಲುಗಿಸಿದರೆ, ತಣ್ಣಗಾದ ಹೃದಯ ಲಯ ತಪ್ಪಿ ನಿಂತೇಬಿಡಬಹುದು. ಮೈ ಬೆಚ್ಚಗಾಗುವ ಮೊದಲು ಸತ್ತರೆಂದು ಕೈಬಿಡಬಾರದು. 1999ರ ಮೇ ತಿಂಗಳಲ್ಲಿ ನಾರ್ವೆಯ ನಾರ್ವಿಕ್ ಬಳಿ ಸ್ಕೀ ಮಾಡುತ್ತಿದ್ದ ಅನ್ನಾ ಬೋಗೆನ್‌ಹೋಮ್ ಎಂಬ ಯುವ ವೈದ್ಯೆ ಹೆಪ್ಪುಗಟ್ಟಿದ ತೊರೆಗೆ ಬಿದ್ದು ಎಂಬತ್ತು ನಿಮಿಷ ಹಿಮದಡಿ ಸಿಕ್ಕಿಕೊಂಡಿದ್ದರು. ಹೊರಗೆಳೆದಾಗ ಉಸಿರಿಲ್ಲ, ನಾಡಿಯಿಲ್ಲ. ಆಸ್ಪತ್ರೆಯಲ್ಲಿ ದಾಖಲಾದ ಮೈಯ ಉಷ್ಣತೆ 13.7 ಡಿಗ್ರಿ ಸೆಲ್ಸಿಯಸ್. ಅಲ್ಲೇ ದಡದ ಮೇಲೆ ಸ್ನೇಹಿತರು ಶುರುಮಾಡಿದ ಒತ್ತುವಿಕೆಯನ್ನು ಹೆಲಿಕಾಪ್ಟರಿನಲ್ಲೂ ನಿಲ್ಲಿಸಲಿಲ್ಲ. ಅನ್ನಾ ಬದುಕಿದರು. ತಮ್ಮನ್ನು ಉಳಿಸಿದ ಟ್ರೊಮ್ಸೊ ಆಸ್ಪತ್ರೆಯಲ್ಲೇ ಮುಂದೆ ವೈದ್ಯೆಯಾಗಿ ಕೆಲಸ ಮಾಡಿದರು.

ಔಷಧಿ ಪೆಟ್ಟಿಗೆಯೂ ಚಳಿಗೆ ತಕ್ಕಂತೆ ಬದಲಾಗಬೇಕು. ಸಲೈನ್ ಚೀಲ ಹೊರಗಿಟ್ಟರೆ ಕಲ್ಲಾಗುತ್ತದೆ. ಅದನ್ನು ಜಾಕೆಟ್ಟಿನೊಳಗೆ, ಮೈಗೆ ತಾಗಿಸಿಕೊಂಡು ಒಯ್ಯಬೇಕು. ರೋಗಿಗೆ ಹಾಕುವ ಹೊತ್ತಿನಲ್ಲೂ ಕೊಳವೆ ಬಟ್ಟೆಯ ಅಡಿಯಲ್ಲೇ ಹಾಯಬೇಕು. ಅಂಟುಪಟ್ಟಿ ಅಂಟುವುದಿಲ್ಲ, ಬ್ಯಾಟರಿ ಸೋಲುತ್ತದೆ, ಬಾಲ್‌ಪೆನ್ನು ಬರೆಯುವುದಿಲ್ಲ. ಅದಕ್ಕೆಂದೇ ಪೆಟ್ಟಿಗೆಯಲ್ಲಿ ಸೀಸದಕಡ್ಡಿ ಇರುತ್ತದೆ. ಹೆಪ್ಪುಗಟ್ಟಿದ ಕಾಲ್ಬೆರಳನ್ನು ಕಂಡ ಕೂಡಲೇ ಉಜ್ಜಲು ಹೋಗುವವರು ಹೆಚ್ಚು. ಉಜ್ಜಬಾರದು. ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಭಯವಿದ್ದರೆ ಕಾಯಿಸಲೂಬಾರದು. ಕರಗಿ ಮತ್ತೆ ಗಟ್ಟಿಯಾದ ಬೆರಳು ಉಳಿಯುವುದು ಕಷ್ಟ. ಏನೂ ಮಾಡದೆ ಕಾಯುವುದೂ ಕಲಿಯಬೇಕಾದ ಕೆಲಸವೇ.

ಮೈತ್ರಿಯ ದಕ್ಷಿಣಕ್ಕೆ ಹಂಬೋಲ್ಟ್ ಪರ್ವತಗಳಿವೆ. ಅಪಾಯ ದೂರದ ಮಾತಲ್ಲ ಎಂದು ನೆನಪಿಸುವ ಒಂದು ಸ್ಮಾರಕ ಫಲಕ ಅಲ್ಲಿನ ಬಂಡೆಯ ಮೇಲಿದೆ. ನಮ್ಮ ಒಂಬತ್ತನೇ ತಂಡದ ನಾಲ್ವರು, ಭೂವೈಜ್ಞಾನಿಕ ಸರ್ವೇಕ್ಷಣೆಯ ಮೂವರು ವಿಜ್ಞಾನಿಗಳು ಮತ್ತು ನೌಕಾಪಡೆಯ ಒಬ್ಬ ಸಂಪರ್ಕ ತಂತ್ರಜ್ಞ, 1990ರ ಜನವರಿ 8ರಂದು ಅಲ್ಲಿನ ಶಿಬಿರದಲ್ಲಿ ದುರ್ಘಟನೆಗೆ ಬಲಿಯಾದರು. ಅಂಟಾರ್ಕ್ಟಿಕ್ ಒಪ್ಪಂದದ ದೇಶಗಳು ಕಾಪಾಡುವ ಐತಿಹಾಸಿಕ ಸ್ಮಾರಕಗಳ ಪಟ್ಟಿಯಲ್ಲಿ ಆ ಫಲಕವೂ ಸೇರಿದೆ. ನಮ್ಮವರು ಅಲ್ಲಿ ಜೀವ ತೆತ್ತಿದ್ದಾರೆ ಎಂಬುದು ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ತರಬೇತಿಗಳಲ್ಲಿ ಜೀವ ಉಳಿಸುವ ಮೊದಲ ಹತ್ತು ನಿಮಿಷಕ್ಕೆ ಸಿಗುವ ಮರ್ಯಾದೆ, ಆಮೇಲಿನ ಹತ್ತು ದಿನಕ್ಕೆ ಸಿಗುವುದಿಲ್ಲ. ಊರಿನಲ್ಲಾದರೆ ಆಂಬುಲೆನ್ಸ್ ಬರುವವರೆಗೆ ಹಿಡಿದಿಟ್ಟರೆ ಸಾಕು. ಅಂಟಾರ್ಕ್ಟಿಕಾದಲ್ಲಿ ವಿಮಾನ ವಾರಗಟ್ಟಲೆ, ತಿಂಗಳುಗಟ್ಟಲೆ ಬಾರದೆ ಇರಬಹುದು. ಆ ಅವಧಿಯುದ್ದಕ್ಕೂ ಬೇಕಾದ್ದು ಆರೈಕೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಳ್ಳಬೇಕು, ಬಾಯಿ ಒರೆಸಬೇಕು, ಚಮಚದಲ್ಲಿ ನೀರು ಹಾಕಬೇಕು, ಮೂತ್ರ ಎಷ್ಟಾಯಿತೆಂದು ಅಳೆದು ಬರೆಯಬೇಕು, ಪಾಳಿ ಬದಲಾದಾಗ ಬರೆದದ್ದನ್ನು ಓದಿ ಹೇಳಿ ಹೋಗಬೇಕು. ಇದರಲ್ಲಿ ಸಾಹಸದ ಕಳೆಯಿಲ್ಲ, ಫೋಟೋ ತೆಗೆಯುವಂಥದ್ದೂ ಏನಿಲ್ಲ. ನನಗೆ ಅತಿ ದೊಡ್ಡದೆನಿಸುವ ಭಾಗ ಇದೇ.

ಇದಕ್ಕೊಂದು ಹಳೆಯ ಉದಾಹರಣೆಯಿದೆ. 1934ರ ಚಳಿಗಾಲದಲ್ಲಿ ಅಮೆರಿಕದ ಅಡ್ಮಿರಲ್ ರಿಚರ್ಡ್ ಬರ್ಡ್, ತಮ್ಮ ಮುಖ್ಯ ನೆಲೆಯಿಂದ ಸುಮಾರು 200 ಕಿಲೋಮೀಟರ್ ಒಳಗೆ, ಹಿಮದಡಿ ಹೂತ ಕೋಣೆಯೊಂದರಲ್ಲಿ ಒಬ್ಬರೇ ಇದ್ದರು. ಒಲೆಯ ಹೊಗೆ ಸರಿಯಾಗಿ ಹೊರಹೋಗದೆ ಕಾರ್ಬನ್ ಮೊನಾಕ್ಸೈಡ್ ಅವರ ಮೈಗೇರುತ್ತಿತ್ತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಮ್ಮನ್ನು ಉಳಿಸಲು ಕತ್ತಲಲ್ಲಿ ಬೇರೆಯವರ ಜೀವ ಹೋಗಬಾರದೆಂದು ಬರ್ಡ್ ಕಾಯಿಲೆಯ ವಿಷಯವನ್ನೇ ಮುಚ್ಚಿಟ್ಟರು. ಆದರೆ ರೇಡಿಯೋದಲ್ಲಿ ಬರುತ್ತಿದ್ದ ಅವರ ಮೋರ್ಸ್ ಸಂದೇಶಗಳು ತಡವರಿಸುತ್ತಿದ್ದುದು ಮುಖ್ಯ ನೆಲೆಯವರ ಕಿವಿಗೆ ಬಿತ್ತು. ಕಟಕಟ ಸದ್ದಿನಲ್ಲೇ ಏನೋ ಸರಿಯಿಲ್ಲ ಎಂದು ಅವರಿಗೆ ಅನಿಸಿತು. ಎರಡು ಸಲ ಹೊರಟ ಟ್ರ್ಯಾಕ್ಟರ್ ಹಿಂದೆ ಬಂತು. ಮೂರನೇ ಸಲ, ಆಗಸ್ಟ್‌ನಲ್ಲಿ, ಮೂವರು ತಲುಪಿದರು: ಭೌತವಿಜ್ಞಾನಿ ಥಾಮಸ್ ಪೋಲ್ಟರ್, ಮೆಕ್ಯಾನಿಕ್ ಪೀಟ್ ಡೆಮಾಸ್, ರೇಡಿಯೋ ಆಪರೇಟರ್ ಬಡ್ ವೇಟ್. ಒಬ್ಬರೂ ಡಾಕ್ಟರಲ್ಲ. ಬರ್ಡ್ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ. ಆ ಇಕ್ಕಟ್ಟಾದ ಕೋಣೆಯಲ್ಲಿ ನಾಲ್ವರೂ ಎರಡು ತಿಂಗಳು ಉಳಿದರು. ಮೂವರು ಅಡುಗೆ ಮಾಡಿದರು, ಒಲೆ ನೋಡಿಕೊಂಡರು, ಮೂಳೆಚಕ್ಕಳವಾಗಿದ್ದ ಮನುಷ್ಯನನ್ನು ಉಣಿಸಿ ಮಲಗಿಸಿ ಚೇತರಿಸುವಂತೆ ಮಾಡಿದರು. ಅಕ್ಟೋಬರ್ ಮಧ್ಯದಲ್ಲಿ ವಿಮಾನ ಬಂದು ಬರ್ಡ್ ಅವರನ್ನು ಮುಖ್ಯ ನೆಲೆಗೆ ಕರೆದೊಯ್ದಿತು.